ಕೆಂಪು ಮನೆಯ ಬಿಳಿ ಕಲ್ಲುಗಳು

ಸ್ಟಾಕ್‌ಹೋಮ್‌ನ ಹಳೇ ಊರು ಗಾಮ್ಲಾ ಸ್ತಾನ್. ಬಸ್ಸು ಗಿಸ್ಸು ಏನೂ ಬೇಡ ಅಂತ ನಾನೂ ಇವರೂ ನಡೆದೇ ಹೊರಟೆವು. ಮೋರ್ಟೆನ್ ಟ್ರೋಟ್ಸಿಗ್ ಓಣಿ ತೀರಾ ಇಕ್ಕಟ್ಟಾದ ಕಡೆ ಬರೀ 90 ಸೆಂ.ಮೀ. ಅಗಲ! ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿ, ಸುತ್ತಾಡಿ, ಸ್ಟೂರ್‌ಟೋರ್ಯೆಟ್ ಚೌಕಕ್ಕೆ ಬಂದೆವು.

ಅಲ್ಲೊಂದು ಕೆಂಪು ಮನೆ, ಕಿಟಕಿಗಳ ಸುತ್ತ ಬಿಳಿ ಕಲ್ಲು. "ಚೆನ್ನಾಗಿದೆ, ಫೋಟೋ ತೆಗಿ" ಅಂದರು ಇವರು. ಒಂದೊಂದು ಕಲ್ಲೂ ಇಲ್ಲಿ ತಲೆ ಕಳೆದುಕೊಂಡ ಒಬ್ಬೊಬ್ಬರ ನೆನಪಂತೆ.

1520ರ ನವೆಂಬರ್. ಸ್ವೀಡನ್ ಗೆದ್ದ ಡೆನ್ಮಾರ್ಕಿನ ದೊರೆ ಎರಡನೇ ಕ್ರಿಸ್ಟಿಯಾನ್ ವಿರೋಧಿಗಳಿಗೆ ಕ್ಷಮಾದಾನ ಕೊಟ್ಟ, ಪಟ್ಟಾಭಿಷೇಕದ ಔತಣಕ್ಕೂ ಕರೆದ. ಆಮೇಲೆ ಕೋಟೆ ಬಾಗಿಲು ಹಾಕಿಸಿದ! ಕ್ಷಮೆ ಕೊಟ್ಟಿದ್ದು ರಾಜದ್ರೋಹಕ್ಕೆ, ಧರ್ಮದ್ರೋಹಕ್ಕಲ್ಲ ಅನ್ನೋ ನೆಪ. 8 ಮತ್ತು 9ರಂದು ಇದೇ ಚೌಕದಲ್ಲಿ ಇಬ್ಬರು ಬಿಷಪ್ಪರೂ ಸೇರಿ 80ಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ.

ಸತ್ತವರಲ್ಲಿ ಎರಿಕ್ ಯೋಹಾನ್ಸನ್ ವಾಸಾ ಒಬ್ಬ. ಅವನ ಮಗ ಗುಸ್ತಾವ್ ದಂಗೆ ಎಬ್ಬಿಸಿ, 1523ರ ಜೂನ್ 6ರಂದು ಸ್ವೀಡನ್ನಿನ ರಾಜನಾಗಿ ಆರಿಸಿಬಂದ. ಜೂನ್ 6 ಈಗ ಅಲ್ಲಿನ ರಾಷ್ಟ್ರೀಯ ದಿನ. ಕೊಟ್ಟ ಮಾತು ಮುರಿದ ದೊರೆ ಸ್ವೀಡನ್ನನ್ನೇ ಕಳೆದುಕೊಂಡ.

ಅಂದಹಾಗೆ, ಆ ಮನೆ ಈಗಿನ ರೂಪಕ್ಕೆ ಬಂದದ್ದು 1650ರ ಸುಮಾರಿಗೆ. ಕಲ್ಲಿನ ಕಥೆ ಬರೀ ಕಥೆ. ಅದು ಗೊತ್ತಿದ್ದೂ ಇವರು ಕಲ್ಲು ಎಣಿಸತೊಡಗಿದರು. ನಾನೂ ಎಣಿಸಿದೆ. ಅರ್ಧದಲ್ಲೇ ಲೆಕ್ಕ ತಪ್ಪಿತು...