ವಿದ್ಯಾರ್ಥಿ ಮೌಲ್ಯಮಾಪನ: ಮೂಲ ಪರಿಕಲ್ಪನೆಗಳು ಮತ್ತು ವಿಧಗಳು

(ಶಿಕ್ಷಕರು, ಪೋಷಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವಾಗ, ಒಂದು ಶಾಲೆಯಿಂದ ಮತ್ತೊಂದು ಶಾಲೆಗೆ ಮಗುವನ್ನು ಸೇರಿಸುವಾಗ, ಉತ್ತರ ಪತ್ರಿಕೆಯ ಮರುಮೌಲ್ಯಮಾಪನವನ್ನು ಕೋರುವಾಗ ಸಾರ್ವಜನಿಕರು ಶಾಲೆಯ ಪ್ರಗತಿ ಪತ್ರವನ್ನು ಅಥವಾ ಅಂಕಪಟ್ಟಿಯನ್ನು ಹಾಜರುಪಡಿಸಬೇಕಾಗುತ್ತದೆ. ಆ ಪತ್ರದಲ್ಲಿರುವ ಅಂಕ, ಶ್ರೇಣಿ, ಸಂಕೇತಾಕ್ಷರಗಳು ಏನನ್ನು ಸೂಚಿಸುತ್ತವೆ ಎಂಬುದು ಅನೇಕ ಪೋಷಕರಿಗೆ ಸ್ಪಷ್ಟವಾಗಿರುವುದಿಲ್ಲ. ಹೊಸದಾಗಿ ಸೇವೆಗೆ ಸೇರಿದ ಶಿಕ್ಷಕರಲ್ಲಿಯೂ ಕೆಲವು ಪದಗಳ ಬಗ್ಗೆ ಗೊಂದಲವಿರುತ್ತದೆ. ಈ ಹಿನ್ನೆಲೆಯಲ್ಲಿ ಮೌಲ್ಯಮಾಪನದ ಮೂಲ ಪರಿಕಲ್ಪನೆಗಳನ್ನು, ಕರ್ನಾಟಕದ ಶಾಲೆಗಳಲ್ಲಿ ಬಳಕೆಯಲ್ಲಿರುವ ಪದ್ಧತಿಗಳ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

ಮಾಪನ, ಮೌಲ್ಯಾಂಕನ, ಮೌಲ್ಯಮಾಪನ

ಈ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದ್ದರೂ ಅವುಗಳ ನಡುವೆ ವ್ಯತ್ಯಾಸವಿದೆ. ಕಲಿಕೆಯನ್ನು ಸಂಖ್ಯೆಯಲ್ಲಿ ಹೇಳುವುದು ಮಾಪನ. 20 ಅಂಕಗಳಿಗೆ 12 ಎಂಬುದು ಮಾಪನದ ಫಲ. ಮಗು ಏನನ್ನು ಕಲಿತಿದೆ, ಎಲ್ಲಿ ತೊಡಕಿದೆ ಎಂಬುದಕ್ಕೆ ಬೇರೆ ಬೇರೆ ಮೂಲಗಳಿಂದ ಆಧಾರ ಸಂಗ್ರಹಿಸುವುದು ಮೌಲ್ಯಾಂಕನ. ಆ ಆಧಾರಗಳನ್ನು ತೂಗಿ ನಿರ್ಣಯಕ್ಕೆ ಬರುವುದು ಮೌಲ್ಯಮಾಪನ. 12 ಅಂಕ ಎಂಬ ಸಂಖ್ಯೆಯಷ್ಟರಿಂದಲೇ ಮಗು ಜಾಣ ಅಥವಾ ದಡ್ಡ ಎಂದು ತೀರ್ಮಾನಿಸಲು ಬರುವುದಿಲ್ಲ. ಪ್ರಶ್ನೆಗಳು ಎಂತಹವು, ಮಗು ಎಷ್ಟು ದಿನ ಶಾಲೆಗೆ ಹಾಜರಾಗಿತ್ತು, ಹಿಂದಿನ ಬಾರಿ ಎಷ್ಟು ಪಡೆದಿತ್ತು ಎಂಬುದನ್ನೂ ನೋಡಬೇಕಾಗುತ್ತದೆ.

ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನ

ಈ ವಿಭಜನೆಯನ್ನು 1967ರಲ್ಲಿ ಮೈಕೆಲ್ ಸ್ಕ್ರಿವೆನ್ ಎಂಬ ವಿದ್ವಾಂಸರು ಪಠ್ಯಕ್ರಮಗಳ ಪರಿಶೀಲನೆಗಾಗಿ ಬಳಕೆಗೆ ತಂದರು. ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು ಅದನ್ನು ತರಗತಿಯ ಕಲಿಕೆಗೆ ಅನ್ವಯಿಸಿದರು. ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದುವ ಉದ್ದೇಶದಿಂದ ಮಾಡುವುದು ರೂಪಣಾತ್ಮಕ ಮೌಲ್ಯಮಾಪನ. ಒಂದು ಅವಧಿಯ ಕಲಿಕೆ ಮುಗಿದ ಮೇಲೆ ಒಟ್ಟು ಫಲವನ್ನು ದಾಖಲಿಸುವುದು ಸಂಕಲನಾತ್ಮಕ ಮೌಲ್ಯಮಾಪನ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ದಿನವಹಿ ನಗದು ಪುಸ್ತಕ, ಎರಡನೆಯದು ವರ್ಷಾಂತ್ಯದ ಅಢಾವೆ ಪತ್ರಿಕೆ. ನಗದು ಪುಸ್ತಕವನ್ನು ದಿನದಿನವೂ ನೋಡದೆ ಮಾರ್ಚ್ 31ರಂದು ಅಢಾವೆ ಪತ್ರಿಕೆಯನ್ನು ಮಾತ್ರ ತೆರೆಯುವ ವ್ಯಾಪಾರಿಗೆ ನಷ್ಟ ಗೊತ್ತಾಗುತ್ತದೆಯೇ ಹೊರತು ಅದನ್ನು ತಪ್ಪಿಸುವ ಕಾಲ ಮಿಂಚಿರುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಮೂರನೇ ತರಗತಿಯ ಮಗುವೊಂದು 52ರಿಂದ 27ನ್ನು ಕಳೆದು 35 ಎಂದು ಬರೆದಿದೆ. ಸರಿಯಾದ ಉತ್ತರ 25. ಇಲ್ಲಿ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ ಸೊನ್ನೆ ಕೊಟ್ಟರೆ ಅದು ಮಾಪನವಾಯಿತು, ಅಷ್ಟೇ. ಮಗು 35 ಎಂದು ಏಕೆ ಬರೆಯಿತು ಎಂದು ನೋಡಿದರೆ ವಿಷಯ ತಿಳಿಯುತ್ತದೆ: ಬಿಡಿಸ್ಥಾನದಲ್ಲಿ 2ರಿಂದ 7ನ್ನು ಕಳೆಯಲಾಗದೆ, 7ರಿಂದ 2ನ್ನು ಕಳೆದು 5 ಎಂದು ಬರೆದಿದೆ, ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದು 3 ಬರೆದಿದೆ. ಅಂದರೆ ಮಗುವಿಗೆ ಕಳೆಯಲು ಬರುತ್ತದೆ, ದಶಕ ತೆಗೆದುಕೊಳ್ಳುವುದು ಬಂದಿಲ್ಲ. ಇದೇ ಮಗುವಿಗೆ 403ರಿಂದ 128 ಕಳೆಯಲು ಹೇಳಿದರೆ 275ರ ಬದಲು 325 ಎಂದು ಬರೆಯುವ ಸಂಭವ ಹೆಚ್ಚು. ಹಾಗೆ ಬರೆದರೆ ಶಿಕ್ಷಕರ ಊಹೆ ದೃಢವಾಗುತ್ತದೆ. ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ಬಿಡಿ ಕಡ್ಡಿಗಳೊಂದಿಗೆ ಸೇರಿಸಿ ತೋರಿಸಿದರೆ ತೊಡಕು ನಿವಾರಣೆಯಾಗಬಹುದು. ಹೀಗೆ ತಪ್ಪಿನ ಮೂಲವನ್ನು ಹುಡುಕುವುದಕ್ಕೆ ನೈದಾನಿಕ ಪರೀಕ್ಷೆ ಎಂದೂ, ನಂತರ ನೀಡುವ ಬೋಧನೆಗೆ ಪರಿಹಾರ ಬೋಧನೆ ಎಂದೂ ಹೆಸರು. ಕಾರಣ ಹುಡುಕದೆ ಅದೇ ಲೆಕ್ಕವನ್ನು ಹತ್ತು ಬಾರಿ ಬರೆಸುವುದು ಪರಿಹಾರ ಬೋಧನೆ ಎನಿಸುವುದಿಲ್ಲ.

ರಾಜ್ಯದ ಶಾಲೆಗಳಲ್ಲಿ ವರ್ಷಾರಂಭದಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮವು ಇದೇ ತತ್ವದ ಮೇಲಿದೆ. ಹಿಂದಿನ ತರಗತಿಯ ಸಾಮರ್ಥ್ಯಗಳ ಬಗ್ಗೆ ಪೂರ್ವ ಪರೀಕ್ಷೆ, ನಂತರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ ಇರುತ್ತದೆ. ಪೂರ್ವ ಪರೀಕ್ಷೆಯಲ್ಲಿ ಮಗುವಿಗೆ ಕಡಿಮೆ ಅಂಕ ಬಂದರೆ ಪೋಷಕರು ಗಾಬರಿಯಾಗಬೇಕಾಗಿಲ್ಲ. ಕೊರತೆಯನ್ನು ಕಾಣಿಸುವುದೇ ಅದರ ಉದ್ದೇಶ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಕಲಿಕಾ ಏಣಿ, ಮೈಲಿಗಲ್ಲುಗಳ ಮೂಲಕ ಮೌಲ್ಯಾಂಕನವು ಕಲಿಕೆಯೊಳಗೇ ಸೇರಿಕೊಂಡಿದೆ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಪ್ರಕರಣವು ಮಗುವಿನ ತಿಳಿವಳಿಕೆಯನ್ನೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನೂ ನಿರಂತರವಾಗಿ ಮತ್ತು ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕೆಂದು ವಿಧಿಸುತ್ತದೆ. ‘ನಿರಂತರ’ ಎಂದರೆ ವರ್ಷವಿಡೀ. ‘ವ್ಯಾಪಕ’ ಎಂದರೆ ಪಠ್ಯ ವಿಷಯಗಳ ಜೊತೆಗೆ ಕಲೆ, ಆಟ, ಆರೋಗ್ಯ, ಮನೋಭಾವಗಳನ್ನೂ ಒಳಗೊಂಡು. ನಿರಂತರ ಎಂಬುದನ್ನು ದಿನಕ್ಕೊಂದು ಕಿರುಪರೀಕ್ಷೆ ಎಂದು ಅರ್ಥೈಸುವುದು ಸರಿಯಲ್ಲ.

ಈ ಪದ್ಧತಿಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಇರುತ್ತವೆ. ಪ್ರಗತಿ ಪತ್ರದಲ್ಲಿ ಕಾಣುವ ‘ಎಫ್.ಎ.’ ಮತ್ತು ‘ಎಸ್.ಎ.’ ಎಂಬ ಅಕ್ಷರಗಳು ಇವನ್ನೇ ಸೂಚಿಸುತ್ತವೆ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಲಿಖಿತ ಪರೀಕ್ಷೆಯಲ್ಲದೆ ಅವಲೋಕನ, ಮೌಖಿಕ ಪ್ರಶ್ನೆ, ಚಟುವಟಿಕೆ, ಯೋಜನಾ ಕಾರ್ಯ, ಪರಿಶೀಲನಾ ಪಟ್ಟಿ, ಮಗುವಿನ ಬರಹ-ಚಿತ್ರಗಳ ಕೃತಿಸಂಪುಟ ಮುಂತಾದ ಸಾಧನಗಳನ್ನು ಬಳಸಲಾಗುತ್ತದೆ. ಅಂಗಡಿಯಲ್ಲಿ ಕೊಂಡು ತಂದ ಮಾದರಿಗೂ ಪೋಷಕರೇ ಬರೆದುಕೊಟ್ಟ ಯೋಜನಾ ವರದಿಗೂ ಅಂಕ ನೀಡಿದಲ್ಲಿ ಮೌಲ್ಯಮಾಪನವಾದದ್ದು ಮಗುವಿನ ಕಲಿಕೆಯಲ್ಲ ಎಂಬುದನ್ನು ಇಬ್ಬರೂ ಗಮನಿಸತಕ್ಕದ್ದು.

ಶ್ರೇಣಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಪ್ರಾಥಮಿಕ ಹಂತದ ಐದು ಶ್ರೇಣಿಗಳ ಕ್ರಮದಲ್ಲಿ ‘ಎ’ ಎಂದರೆ ಶೇ. 70ರಿಂದ 89, ಎಸ್.ಎಸ್.ಎಲ್.ಸಿ. ಶ್ರೇಣಿಯಲ್ಲಿ ‘ಎ’ ಎಂದರೆ ಶೇ. 80ರಿಂದ 89. ಎಂಟನೇ ತರಗತಿಯಲ್ಲಿ ‘ಎ’ ಪಡೆದ ಮಗು ಎಸ್.ಎಸ್.ಎಲ್.ಸಿ.ಯಲ್ಲಿ ಶೇ. 72 ಪಡೆದು ‘ಬಿ+’ಗೆ ಬಂದರೆ ಕಲಿಕೆ ಕುಸಿದಿದೆ ಎಂದು ತಿಳಿಯಬಾರದು. ಅಕ್ಷರ ಬದಲಾದದ್ದು ಅಳತೆಗೋಲು ಬದಲಾದ ಕಾರಣದಿಂದಲೂ ಇರಬಹುದು. ಇದಕ್ಕಿಂತ ಗಂಭೀರವಾದುದು ಕೆಳಗಿನ ಶ್ರೇಣಿಗಳ ವಿಷಯ. ಪ್ರಾಥಮಿಕ ಹಂತದಲ್ಲಿ ‘ಸಿ’ ಎಂದರೆ ಶೇ. 30ಕ್ಕಿಂತ ಕಡಿಮೆ. ಮಗು ಮುಂದಿನ ತರಗತಿಗೆ ಹೋಗಿದೆ ಎಂಬ ಸಮಾಧಾನದಲ್ಲಿ ಇದು ಕಣ್ಣಿಗೆ ಬೀಳದೆ ಹೋಗುತ್ತದೆ. ಓದಲು ಬಾರದ ಮಗು ವರ್ಷದಿಂದ ವರ್ಷಕ್ಕೆ ಅದೇ ಅಕ್ಷರವನ್ನು ಹೊತ್ತು ಹತ್ತನೇ ತರಗತಿಯನ್ನು ತಲುಪಿದಾಗ ಶಿಕ್ಷಕರಿಗೂ ಪೋಷಕರಿಗೂ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಆದ್ದರಿಂದ ಕಾಯ್ದೆಯ 24ನೇ ಪ್ರಕರಣವನ್ನು ಪೋಷಕರು ಅರಿತಿರುವುದು ಒಳಿತು. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು, ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಶಾಸನಬದ್ಧ ಕರ್ತವ್ಯ. ಸಭೆಯಲ್ಲಿ ಪೋಷಕರು ಉತ್ತರ ಪತ್ರಿಕೆಯನ್ನು ನೋಡಲು ಕೇಳಬಹುದು. ‘ಎಷ್ಟು ಅಂಕ’ ಎಂದು ಕೇಳುವುದರ ಜೊತೆಗೆ ‘ಯಾವುದು ಬರುವುದಿಲ್ಲ, ಅದಕ್ಕೆ ಏನು ಮಾಡುತ್ತಿದ್ದೀರಿ’ ಎಂದೂ ಕೇಳುವುದು ಹೆಚ್ಚು ಪ್ರಯೋಜನಕಾರಿ.

ಐದು ಮತ್ತು ಎಂಟನೇ ತರಗತಿಯ ಪರೀಕ್ಷೆಗಳು

ಮೂಲ ಕಾಯ್ದೆಯ 16ನೇ ಪ್ರಕರಣದಂತೆ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಅನುತ್ತೀರ್ಣಗೊಳಿಸುವಂತಿರಲಿಲ್ಲ. 2019ರ ತಿದ್ದುಪಡಿಯು 5 ಮತ್ತು 8ನೇ ತರಗತಿಗಳ ಅಂತ್ಯದಲ್ಲಿ ನಿಯತ ಪರೀಕ್ಷೆ, ಅನುತ್ತೀರ್ಣರಾದವರಿಗೆ ಹೆಚ್ಚುವರಿ ಬೋಧನೆ, ಎರಡು ತಿಂಗಳೊಳಗೆ ಮರುಪರೀಕ್ಷೆಗೆ ಅವಕಾಶ ಕಲ್ಪಿಸಿ, ನಂತರವೂ ಅನುತ್ತೀರ್ಣರಾದಲ್ಲಿ ಅದೇ ತರಗತಿಯಲ್ಲಿ ಉಳಿಸುವ ನಿರ್ಧಾರವನ್ನು ಆಯಾ ಸರ್ಕಾರಗಳಿಗೆ ಬಿಟ್ಟಿತು. ಯಾವುದೇ ಸಂದರ್ಭದಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಯುವ ಮೊದಲು ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಕಾಯ್ದೆಯ 30ನೇ ಪ್ರಕರಣವು ಈ ಹಂತದಲ್ಲಿ ಮಂಡಳಿ ಪರೀಕ್ಷೆಯನ್ನು ಕಡ್ಡಾಯಗೊಳಿಸಬಾರದೆನ್ನುತ್ತದೆ. ರಾಜ್ಯದಲ್ಲಿ 5, 8 ಮತ್ತು 9ನೇ ತರಗತಿಗಳಿಗೆ ನಡೆದ ಮಂಡಳಿ ಹಂತದ ಪರೀಕ್ಷೆಗಳು ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶ ಪ್ರಕಟಣೆಗೆ ತಡೆ ನೀಡಿದ್ದನ್ನು ಓದುಗರು ಬಲ್ಲರು.

ಮಾನದಂಡ ಆಧಾರಿತ ಮತ್ತು ತುಲನಾತ್ಮಕ ಮೌಲ್ಯಮಾಪನ

ನಿಗದಿತ ಗುರಿಯನ್ನು ಮಗು ಮುಟ್ಟಿದೆಯೇ ಎಂದು ನೋಡುವುದು ಮಾನದಂಡ ಆಧಾರಿತ. ಇತರ ಮಕ್ಕಳ ನಡುವೆ ಅದರ ಸ್ಥಾನ ಯಾವುದು ಎಂದು ನೋಡುವುದು ತುಲನಾತ್ಮಕ. ಎಂಟನೇ ತರಗತಿಯವರಿಗಾಗಿ ನಡೆಯುವ ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ಆಧಾರಿತ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಎರಡೂ ಸೇರಿವೆ. ಮಾನಸಿಕ ಸಾಮರ್ಥ್ಯ ಮತ್ತು ಶೈಕ್ಷಣಿಕ ಸಾಮರ್ಥ್ಯದ ಪತ್ರಿಕೆಗಳಲ್ಲಿ ಒಟ್ಟು ಕನಿಷ್ಠ ಶೇ. 40 (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ. 32) ಪಡೆಯಬೇಕೆಂಬುದು ಮಾನದಂಡ. ಲಭ್ಯವಿರುವ ಸಂಖ್ಯೆಗೆ ತಕ್ಕಂತೆ ಮೇಲಿನವರನ್ನು ಆಯ್ಕೆ ಮಾಡುವುದು ತುಲನೆ. ಕನಿಷ್ಠ ಅಂಕ ಪಡೆದೂ ವಿದ್ಯಾರ್ಥಿವೇತನ ಬಾರದಿರಲು ಇದೇ ಕಾರಣ. ಏಳನೇ ತರಗತಿಯ ಅಂಕಗಳೂ ಅರ್ಹತೆಗೆ ಪರಿಗಣಿತವಾಗುವುದರಿಂದ ಆ ವರ್ಷದ ಪ್ರಗತಿ ಪತ್ರವನ್ನು ಜೋಪಾನವಾಗಿಡತಕ್ಕದ್ದು.

ಇನ್ನು ಸಮೀಕ್ಷೆಗಳು ಬೇರೆಯೇ ವರ್ಗ. 2017 ಮತ್ತು 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್ 4ರಂದು ನಡೆದ ಪರಖ್ ಸರ್ವೇಕ್ಷಣ ಇವು ಆಯ್ದ ಶಾಲೆಗಳಲ್ಲಿ ನಡೆದು ಜಿಲ್ಲೆ, ರಾಜ್ಯಗಳ ಸ್ಥಿತಿಯನ್ನು ತಿಳಿಸುತ್ತವೆ. ಇವುಗಳಲ್ಲಿ ಮಗುವಿಗೆ ಅಂಕಪಟ್ಟಿ ಇರುವುದಿಲ್ಲ.

ಸಿಂಧುತ್ವ ಮತ್ತು ವಿಶ್ವಸನೀಯತೆ

ಜಾತಿ ಸಿಂಧುತ್ವ ಪ್ರಮಾಣ ಪತ್ರದಿಂದಾಗಿ ಮೊದಲನೆಯ ಪದ ಸಾರ್ವಜನಿಕರಿಗೆ ಪರಿಚಿತ. ಪರೀಕ್ಷೆಯ ವಿಷಯದಲ್ಲಿ, ಅಳೆಯಬೇಕಾದುದನ್ನೇ ಅಳೆದರೆ ಅದು ಸಿಂಧು. ಗಣಿತದ ಪ್ರಶ್ನೆಯ ಭಾಷೆ ಕ್ಲಿಷ್ಟವಾಗಿದ್ದರೆ ಅಳೆದದ್ದು ಗಣಿತವೋ ಭಾಷೆಯೋ ಎಂಬ ಸಂಶಯ ಬರುತ್ತದೆ. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಮಾತನಾಡುವ ಮಕ್ಕಳ ವಿಷಯದಲ್ಲಿ ಶಿಕ್ಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದೇ ಉತ್ತರಕ್ಕೆ ಯಾರು ಅಳೆದರೂ ಸರಿಸುಮಾರು ಅಷ್ಟೇ ಅಂಕ ಬರುವುದು ವಿಶ್ವಸನೀಯತೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮತ್ತು ಮಾದರಿ ಉತ್ತರಗಳನ್ನು ಸಿದ್ಧಪಡಿಸುವುದು ಇವೆರಡರ ರಕ್ಷಣೆಗಾಗಿ. ವಿಶೇಷಚೇತನ ಮಕ್ಕಳಿಗೆ ಹೆಚ್ಚುವರಿ ಸಮಯ, ಬರಹಗಾರರ ನೆರವು ನೀಡುವುದೂ ಅಳತೆಯನ್ನು ಸರಿಪಡಿಸುವ ಕ್ರಮವೇ ಹೊರತು ಔದಾರ್ಯವಲ್ಲ.

ಎಸ್.ಎಸ್.ಎಲ್.ಸಿ. ಅಭ್ಯರ್ಥಿಗಳ ಗಮನಕ್ಕೆ

ಮರು ಎಣಿಕೆಯಲ್ಲಿ ಅಂಕಗಳ ಕೂಡಿಕೆಯನ್ನು ಮಾತ್ರ ಪರಿಶೀಲಿಸಲಾಗುತ್ತದೆ. ಮರುಮೌಲ್ಯಮಾಪನದಲ್ಲಿ ಉತ್ತರಗಳನ್ನು ಮತ್ತೆ ಓದಿ ಅಂಕ ನೀಡಲಾಗುತ್ತದೆ. ಮೊದಲು ಉತ್ತರ ಪತ್ರಿಕೆಯ ಪ್ರತಿಯನ್ನು ಪಡೆದು, ವಿಷಯ ಶಿಕ್ಷಕರಿಗೆ ತೋರಿಸಿ, ನಂತರ ಅರ್ಜಿ ಸಲ್ಲಿಸುವುದು ಸೂಕ್ತ. ಕೊನೆಯ ದಿನಾಂಕ, ಶುಲ್ಕ ಹಾಗೂ ಉತ್ತೀರ್ಣತೆಗೆ ಬೇಕಾದ ಕನಿಷ್ಠ ಅಂಕಗಳಿಗೆ ಆಯಾ ಸಾಲಿನ ಮಂಡಳಿಯ ಅಧಿಸೂಚನೆಯನ್ನೇ ನೋಡತಕ್ಕದ್ದು. ಹಿಂದಿನ ವರ್ಷದವರನ್ನು ಕೇಳಿ ಕಾಲಾವಕಾಶ ಕಳೆದುಕೊಳ್ಳಬಾರದು.

ಪ್ರಗತಿ ಪತ್ರ ನೀಡದಿರುವುದು, ಪೋಷಕರ ಸಭೆ ನಡೆಸದಿರುವುದು ಮುಂತಾದ ದೂರುಗಳನ್ನು ಮೊದಲು ಮುಖ್ಯ ಶಿಕ್ಷಕರಿಗೆ, ನಂತರ ಸಂಬಂಧಿಸಿದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸಬಹುದು. 6ರಿಂದ 14 ವರ್ಷದ ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಕಾಯ್ದೆಯ 32ನೇ ಪ್ರಕರಣದನ್ವಯ ಸ್ಥಳೀಯ ಪ್ರಾಧಿಕಾರವು ಮೂರು ತಿಂಗಳೊಳಗೆ ತೀರ್ಮಾನಿಸಬೇಕಾಗಿದ್ದು, ಆ ತೀರ್ಮಾನದ ವಿರುದ್ಧ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ದೂರಿನ ಪ್ರತಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆದು ಇಟ್ಟುಕೊಳ್ಳಲು ಕೋರಲಾಗಿದೆ.