ಹರಿಹರದ ಕಲ್ಲು, ಪೋಲಾಳ್ವನ ಓಲೆ

ತುಂಗಭದ್ರೆಗೆ ಹರಿದ್ರಾ ನದಿ ಬಂದು ಸೇರುವ ಎಡೆಯಲ್ಲಿರುವ, ಶಾಸನಗಳು ಕೂಡಲೂರೆಂದು ಕರೆಯುವ ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಸೋಮನಾಥಪುರದ ಕೇಶವ ದೇವಾಲಯವನ್ನು ನಿರ್ಮಿಸಿದ ಸೋಮ ದಂಡನಾಯಕನು 1268ರಲ್ಲಿ ಇಲ್ಲಿಯೂ ಕೆಲವು ಭಾಗಗಳನ್ನು ಸೇರಿಸಿದನು. ಈ ಸಂಗತಿಗಳನ್ನು ಉಳಿಸಿಕೊಟ್ಟವು ಗುಡಿಯ ಶಿಲಾಶಾಸನಗಳು. ಪೋಲಾಳ್ವನು ಕವಿಯೂ ಆಗಿದ್ದನೆಂದು, ‘ಹರಿಚಾರಿತ್ರ’ವು ಅವನ ಕೃತಿಯೆಂದು ಸಾಹಿತ್ಯ ಚರಿತ್ರಕಾರರು ದಾಖಲಿಸಿದ್ದಾರೆ, ಆದರೆ ಆ ಕಾವ್ಯದ ಹೆಸರಷ್ಟೇ ಇಂದು ಉಳಿದಿದೆ.

ಓಲೆಯ ಪಾಲಿಗೆ ಇದು ಅಪರೂಪದ ಗತಿಯೇನಲ್ಲ. ತಾಳೆಗರಿಯನ್ನು ಬೇಯಿಸಿ ಒಣಗಿಸಿ, ಅಂಚು ಸಮನಾಗಿ ಕತ್ತರಿಸಿ, ಕಂಠವೆಂಬ ಲೋಹದ ಮೊನೆಯಿಂದ ಅಕ್ಷರ ಕೊರೆದು, ಅದರ ಮೇಲೆ ಮಸಿ ತೀಡಿ, ತೂತುಗಳಲ್ಲಿ ದಾರ ಪೋಣಿಸಿ, ಮರದ ಎರಡು ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿಟ್ಟರೂ ಗೆದ್ದಲು ಮತ್ತು ಮಳೆಗಾಲದ ತೇವ ಅದನ್ನು ಬಿಡುವುದಿಲ್ಲವಾದ್ದರಿಂದ, ಹಳೆಯ ಗರಿ ಪುಡಿಯಾಗುವ ಮೊದಲೇ ಲಿಪಿಕಾರನು ಹೊಸ ಪ್ರತಿ ಮಾಡಬೇಕಿತ್ತು. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ 996ರಲ್ಲಿ ಸ್ಥಾಪಿತವಾದ ತಾಬೋ ಬೌದ್ಧವಿಹಾರದ ಹಸ್ತಪ್ರತಿಗಳಿಗೆ ಒಣ ಚಳಿಯ ಕಾವಲಿತ್ತು. ನದೀತೀರದ ಹರಿಹರಕ್ಕೆ ಆ ಅನುಕೂಲವಿರಲಿಲ್ಲ. ಹಾಗೆಂದು ಹವೆಯೊಂದನ್ನೇ ದೂರುವುದೂ ಸಲ್ಲ, ಏಕೆಂದರೆ ಹರಿಹರಕ್ಕಿಂತ ಹೆಚ್ಚು ಮಳೆ ಸುರಿಯುವ ಮೂಡುಬಿದಿರೆಯ ಬಸದಿಯಲ್ಲಿ, ಷಟ್ಖಂಡಾಗಮವೆಂಬ ಜೈನ ಸಿದ್ಧಾಂತ ಗ್ರಂಥಕ್ಕೆ ವೀರಸೇನರು ಬರೆದ ‘ಧವಲಾ’ ಟೀಕೆಯ ಹಳೆಗನ್ನಡ ಲಿಪಿಯ ಓಲೆಗಳು ಶತಮಾನಗಳ ಕಾಲ ಪೂಜೆಯ ವಸ್ತುವಾಗಿ ಉಳಿದು, ಕೊನೆಗೆ ಪ್ರತಿಗಳ ಮೂಲಕ ಹೊರಬಂದು 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾದವು. ಗರಿಯನ್ನು ಕಾಯುವ ಶ್ರದ್ಧೆ ಎಲ್ಲಿ ತಪ್ಪದೆ ನಡೆದು ಬಂದಿತೋ ಅಲ್ಲಿ ಗ್ರಂಥ ಉಳಿಯಿತೆನ್ನುವುದೇ ಹೆಚ್ಚು ಸರಿ.

ಕಲ್ಲಿಗೂ ಪ್ರತಿ ಬೇಕಾಯಿತು. ಮೈಸೂರು ಸರ್ಕಾರಕ್ಕಾಗಿ ಮೇಜರ್ ಡಿಕ್ಸನ್ 1865ರಲ್ಲಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮೊದಲಾದೆಡೆಗಳ ಶಾಸನಗಳ ಛಾಯಾಚಿತ್ರ ತೆಗೆದನು. ಅವುಗಳ ಆಧಾರದ ಮೇಲೆ ಬಿ.ಎಲ್. ರೈಸ್ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಅನುವಾದ ಸಂಗ್ರಹವನ್ನು ಪ್ರಕಟಿಸಿದನು. ಮುಂದೆ ಅವನೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ಹರಿಹರದ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನ ಹೆಸರಿನಡಿ ಸಂಖ್ಯೆಗಳನ್ನಿಟ್ಟು ಪಾಠಸಹಿತವಾಗಿ ಹೊರತಂದನು. ಹರಿಹರವು ಇಂದು ಪ್ರತ್ಯೇಕ ತಾಲ್ಲೂಕಾಗಿದ್ದರೂ ಪೋಲಾಳ್ವನ ಶಾಸನವನ್ನು ವಿದ್ವಾಂಸರು ಆ ಹಳೆಯ ದಾವಣಗೆರೆ ಸಂಖ್ಯೆಯಿಂದಲೇ ಉಲ್ಲೇಖಿಸುತ್ತಾರೆ.