ಕಿಡ್ನಿ ತೊಂದರೆ ಇದ್ದವರು ಥೈರಾಯ್ಡ್ ಮಾತ್ರೆ ನಿಲ್ಲಿಸಬೇಕೇ?

ಥೈರಾಯ್ಡ್ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತದೆ, ಕ್ರಿಯಾಟಿನಿನ್ ಏರಿದ್ದರೆ ಮಾತ್ರೆ ಬಿಟ್ಟುಬಿಡಿ ಎಂಬ ಸಲಹೆ ನಿಮಗೂ ಬಂದಿರಬಹುದು. ಅದನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ನಿಜ ಏನೆಂದು ನೋಡೋಣ.

ಮಾತ್ರೆಯಿಂದ ಕಿಡ್ನಿಗೆ ಅಪಾಯವೇ?

ಇಲ್ಲ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇರುವವರಿಗೆ ಕೊಡುವ ಲಿವೋಥೈರಾಕ್ಸಿನ್, ನಮ್ಮ ಗ್ರಂಥಿಯೇ ತಯಾರಿಸುವ ಟಿ4 ಹಾರ್ಮೋನ್. ಕಿಡ್ನಿ ದುರ್ಬಲವಾಗಿದೆ ಎಂಬ ಒಂದೇ ಕಾರಣಕ್ಕೆ ಇದರ ಡೋಸ್ ಇಳಿಸಬೇಕಾಗಿಲ್ಲ. ಡಯಾಲಿಸಿಸ್‌ನಲ್ಲೂ ಇದು ಹೆಚ್ಚೇನೂ ಹೊರಹೋಗುವುದಿಲ್ಲ.

ಅಪಾಯ ಇರುವುದು ಮಾತ್ರೆ ಬಿಡುವುದರಲ್ಲಿ. ಹಾರ್ಮೋನ್ ಕಡಿಮೆಯಾದರೆ ಕಿಡ್ನಿಗೆ ಹರಿಯುವ ರಕ್ತವೂ ಕಡಿಮೆಯಾಗಿ ಕ್ರಿಯಾಟಿನಿನ್ ಏರಬಹುದು. ಹಾಗೆಂದು ಇದು ಕಿಡ್ನಿ ರೋಗಕ್ಕೆ ಔಷಧಿಯಲ್ಲ. ಸಕ್ಕರೆ ಕಾಯಿಲೆ, ಬಿಪಿಯಿಂದ ಆದ ಹಾನಿಯನ್ನು ಇದು ಸರಿಪಡಿಸದು.

ಹಾಗಾದರೆ ಎಚ್ಚರ ಯಾವುದರಲ್ಲಿ?

ಜೊತೆಗೆ ನುಂಗುವ ಬೇರೆ ಮಾತ್ರೆಗಳಲ್ಲಿ. ಕಿಡ್ನಿ ರೋಗಿಗಳಿಗೆ ರಂಜಕ ತಗ್ಗಿಸಲು ಕ್ಯಾಲ್ಸಿಯಂ, ಸೆವೆಲಮರ್ ಅಥವಾ ಲ್ಯಾಂಥನಮ್ ಕೊಡುತ್ತಾರೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆಯೂ ಇರುತ್ತದೆ. ಇವು ಕರುಳಿನಲ್ಲಿ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಆಗ ಟಿಎಸ್‌ಎಚ್ ಏರುತ್ತದೆ, ಡೋಸ್ ಹೆಚ್ಚಾಗುತ್ತದೆ. ಮುಂದೆ ಕ್ಯಾಲ್ಸಿಯಂ ನಿಂತರೆ ಆ ಹೆಚ್ಚಿನ ಡೋಸ್ ಪೂರ್ತಿ ಮೈಗೆ ಸೇರಿ ಎದೆಬಡಿತ ಏರುಪೇರಾಗಬಹುದು, ಮೂಳೆ ಸವೆಯಬಹುದು.

ಹೇಗೆ ತೆಗೆದುಕೊಳ್ಳಬೇಕು?

• ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ. ಕಾಫಿ, ತಿಂಡಿ 30ರಿಂದ 60 ನಿಮಿಷದ ನಂತರ.
• ಕ್ಯಾಲ್ಸಿಯಂ, ಕಬ್ಬಿಣ, ರಂಜಕದ ಮಾತ್ರೆ ಮತ್ತು ಆ್ಯಂಟಾಸಿಡ್‌ಗೆ 4 ಗಂಟೆ ಅಂತರವಿರಲಿ.
• ರಂಜಕದ ಮಾತ್ರೆಯನ್ನು ಊಟ-ತಿಂಡಿಯ ಜೊತೆಗೇ ನುಂಗಬೇಕು. ಹಾಗಾಗಿ ಬೆಳಗ್ಗೆ ಈ ಅಂತರ ಸಿಗದಿದ್ದರೆ ಯಾವುದನ್ನೂ ಬಿಡಬೇಡಿ, ಸಮಯ ಹೊಂದಿಸಿಕೊಡಲು ವೈದ್ಯರನ್ನು ಕೇಳಿ. ಕೆಲವರಿಗೆ ಥೈರಾಯ್ಡ್ ಮಾತ್ರೆಯನ್ನು ರಾತ್ರಿ ಮಲಗುವಾಗ ಕೊಡುವುದುಂಟು.

ಪರೀಕ್ಷೆ ಯಾವಾಗ?

ಡೋಸ್ ಬದಲಾದ 6ರಿಂದ 8 ವಾರಗಳ ನಂತರ ಟಿಎಸ್‌ಎಚ್ ನೋಡಬೇಕು. ರಂಜಕದ ಮಾತ್ರೆ ಹೊಸದಾಗಿ ಶುರುವಾದರೂ, ನಿಂತರೂ ಪರೀಕ್ಷೆ ಬೇಕೇ ಎಂದು ಕೇಳಿ. ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರುತ್ತಿದ್ದರೆ ಹಾರ್ಮೋನೂ ಅದರೊಂದಿಗೆ ಹೋಗುತ್ತದೆ, ಡೋಸ್ ಹೆಚ್ಚು ಬೇಕಾಗಬಹುದು. ಕಿಡ್ನಿ ರೋಗದಲ್ಲಿ ಥೈರಾಯ್ಡ್ ಸರಿಯಿದ್ದರೂ ಟಿ3 ಕಡಿಮೆ ಕಾಣಬಹುದು. ಅದೊಂದನ್ನೇ ನೋಡಿ ಡೋಸ್ ಏರಿಸಿಕೊಳ್ಳಬೇಡಿ. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ಮೊದಲೇ ತಿಳಿಸಿ, ಅದರಿಂದ ರಿಪೋರ್ಟ್ ತಪ್ಪಾಗಿ ಬರಬಹುದು.

ಎದೆನೋವು, ಉಸಿರಾಟದ ತೊಂದರೆ ಅಥವಾ ಜೋರು ಎದೆಬಡಿತ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ಸಲಹೆ ಇಷ್ಟೇ: ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಥೈರಾಯ್ಡ್ ವೈದ್ಯರು, ಕಿಡ್ನಿ ವೈದ್ಯರು ಬೇರೆ ಬೇರೆಯಾಗಿದ್ದರೆ ಇಬ್ಬರಿಗೂ ತೋರಿಸಿ. ಯಾವುದನ್ನು ಎಷ್ಟು ಗಂಟೆಗೆ ನುಂಗಬೇಕೆಂದು ಬರೆಸಿಕೊಂಡು ಬನ್ನಿ.